ಬೆಕ್ಕು ಎದ್ದ ಮೇಲೆ ಆರು ಗಂಟೆ

ಜನವರಿ 19

ಅಣ್ಣ,

ಈ ಪತ್ರವನ್ನು ಅಂಚೆಗೆ ಹಾಕದೆ ಮೇಲ್ ರೈಲಿನ ಗಾರ್ಡ್ ಮಾವನ ಕೈಗೇ ಕೊಡುತ್ತಿದ್ದೇನೆ. ಓದಿದ ಕೂಡಲೇ ನಿನ್ನ ಗಾಜಿನ ಕುಲುಮೆಗೆ ಹಾಕಿಬಿಡು. ತಂತಿ ಕಚೇರಿಗೆ ಸೇರುವಾಗ ಇಲ್ಲಿ ಕಂಡಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ. ಆದರೆ ನಾಲ್ಕು ತಿಂಗಳಿಂದ ಕಚೇರಿಯಲ್ಲಿ ‘ಹೂಂ’, ‘ಆಯ್ತು’ ಬಿಟ್ಟು ಮೂರನೆಯ ಮಾತು ಆಡಿಲ್ಲ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ಮೂರನೇ ತರಗತಿಯ ‘ಆತುರದ ಸೂರ್ಯ’ ಪಾಠ ನೆನಪಿದೆಯಾ? ಸೂರ್ಯ ಕೆಲವು ದಿನ ಅವಸರಪಟ್ಟು ಬೇಗ ಬಂದುಬಿಡುತ್ತಾನೆ, ಅವನನ್ನು ನಂಬಬಾರದು, ಅರಮನೆಯ ಜ್ಯೋತಿಷಿಗಳು ನಕ್ಷತ್ರ ನೋಡಿ ಹೇಳಿದ್ದೇ ನಿಜವಾದ ಆರು ಗಂಟೆ, ಅದಕ್ಕೇ ಯಾರೂ ಮನೆಯಲ್ಲಿ ಗಡಿಯಾರ ಇಟ್ಟುಕೊಳ್ಳಬಾರದು ಅಂತ. ನೀನು ಸೂರ್ಯ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿರುವ ಚಿತ್ರ ಬರೆದು ಮೇಷ್ಟರಿಂದ ಏಟು ತಿಂದಿದ್ದೆ.

ಜ್ಯೋತಿಷಿಗಳೂ ಇಲ್ಲ, ನಕ್ಷತ್ರವೂ ಇಲ್ಲ ಅಣ್ಣ. ನಮ್ಮ ಕಚೇರಿಯ ಕಿಟಕಿಗೆ ಎದುರಾಗಿ ಮಹಾರಾಜರು ಮಲಗುವ ಕೋಣೆಯ ಕಿಟಕಿ ಇದೆ. ಅದಕ್ಕೊಂದು ಕೆಂಪು ಪರದೆ. ನಮ್ಮ ದೊಡ್ಡ ಗುಮಾಸ್ತರು ಬೆಳಗಿನ ಜಾವದಿಂದ ದುರ್ಬೀನು ಹಿಡಿದು ಅದನ್ನೇ ನೋಡುತ್ತ ನಿಂತಿರುತ್ತಾರೆ. ಮಹಾರಾಜರು ಎದ್ದು ಪರದೆ ಸರಿಸಿದರೆ ಗುಮಾಸ್ತರು ‘ಆಯ್ತು’ ಅನ್ನುತ್ತಾರೆ. ಯಾರೋ ಒಬ್ಬರು ಗುಂಡಿ ಒತ್ತುತ್ತಾರೆ. ಐವತ್ತೆರಡು ಊರಿಗೆ ‘ಆರು’ ಎಂಬ ಒಂದೇ ಪದದ ತಂತಿ ಹೋಗುತ್ತದೆ. ಅಲ್ಲಿಯವರೆಗೆ ದೇಶದ ಗಡಿಯಾರಗಳೆಲ್ಲ ಆರಕ್ಕೆ ಒಂದು ನಿಮಿಷ ಇರುವಂತೆ ಮುಳ್ಳು ನಿಲ್ಲಿಸಿಕೊಂಡು ಕಾಯುತ್ತಿರುತ್ತವೆ. ಮಧ್ಯಾಹ್ನ ಎಲ್ಲ ಊರಲ್ಲೂ ತೋಪು ಹಾರಿಸಿ ಮುಳ್ಳನ್ನು ಹನ್ನೆರಡಕ್ಕೆ ತಳ್ಳಿಬಿಟ್ಟರೆ ಲೆಕ್ಕ ಸರಿಹೋಯಿತು. ನಿಮ್ಮ ಊಟದ ಬಿಡುವು ಕೆಲವು ದಿನ ಮಾಯವಾಗುವುದು ಯಾಕೆ ಎಂದು ಕೇಳಿದ್ದೆಯಲ್ಲ, ಇದಕ್ಕೇ.

ಈಗ ನಗುವ ಭಾಗ. ಇತ್ತೀಚೆಗೆ ಒಂದು ದಿನ ಪರದೆ ಸರಿಯಲೇ ಇಲ್ಲ. ಗುಮಾಸ್ತರ ಜೇಬಿನಲ್ಲಿ ಮಾತ್ರ ನಿಲ್ಲದ ಗಡಿಯಾರ ಒಂದಿದೆ, ತೋಪು ಹಾರಿಸಲು ಬೇಕಲ್ಲ. ಅದರಲ್ಲಿ ಏಳು ಹೊಡೆದು ಹತ್ತು ನಿಮಿಷ ಆದ ಮೇಲೆ ಪರದೆ ಸರಿಯಿತು. ಆಮೇಲೆ ಅರಮನೆಯ ಆಳು ಬಂದು ಪಿಸುಗುಟ್ಟಿ ಹೋದ: ಮಹಾರಾಜರಿಗೆ ಎಚ್ಚರವಾಗಿತ್ತಂತೆ. ಆದರೆ ಅವರ ಬಿಳಿ ಬೆಕ್ಕು ತೋಳಿನ ಮೇಲೆ ಮಲಗಿತ್ತಂತೆ. ಎಬ್ಬಿಸಲು ಮನಸ್ಸು ಬಾರದೆ ಹಾಗೇ ಮಲಗಿದ್ದರಂತೆ. ಇಡೀ ದೇಶಕ್ಕೆ ಆರು ಗಂಟೆ ಆಗಿದ್ದು ಬೆಕ್ಕು ಮೈಮುರಿದ ಮೇಲೆ!

ಅಮ್ಮನಿಗೆ ಹೇಳಿದರೆ ನಗಲೇ ಇಲ್ಲ. "ಪಾಪ, ರಾತ್ರಿಯೆಲ್ಲ ಇಲಿ ಹಿಡಿದಿತ್ತೇನೋ" ಅಂದಳು.

ನನ್ನ ಕೆಲಸ ಏನು ಎಂದು ಕೇಳಿದ್ದೆ. ಬಂದ ತಂತಿಗಳನ್ನು ಕತ್ತರಿಸಿ ಹಾಳೆಗೆ ಅಂಟಿಸುವುದು. ಎಷ್ಟು ತೊಳೆದರೂ ಬೆರಳಿನಿಂದ ಗೋಂದು ಹೋಗುವುದಿಲ್ಲ. ಸಾಹಿತ್ಯ ಓದಿದ್ದಕ್ಕೆ ಅಷ್ಟಾದರೂ ಕೈಗೆ ಹತ್ತಿತಲ್ಲ ಎನ್ನುತ್ತಾಳೆ ಅಮ್ಮ.

ನಿನ್ನ
ಗುಬ್ಬಿ


ಜನವರಿ 31

ಗುಬ್ಬಿ,

ಪತ್ರ ತಲುಪಿತು. ನಾನು ಚೆನ್ನಾಗಿದ್ದೇನೆ. ಚಳಿ ಹೊರಗಿದೆ, ಕುಲುಮೆಯ ಮುಂದೆ ನಮಗೆ ಬೇಸಿಗೆಯೇ. ಲಾಟೀನು ಗಾಜಿಗೆ ಬೇಡಿಕೆ ಹೆಚ್ಚಿದೆ, ಅದಕ್ಕೇ ಉತ್ತರ ತಡವಾಯಿತು.

ಬೆಕ್ಕು ಮಲಗಿದ್ದು ಯಾವ ತಾರೀಕು? ನೆನಪು ಮಾಡಿಕೊಂಡು ಸರಿಯಾಗಿ ಬರೆ. ಅಂದಾಜು ಬೇಡ.

ಅಕ್ಷರ ಯಾಕೆ ಹೀಗಿದೆ ಎಂದು ಕೇಳಬೇಡ, ಪೆನ್ನು ಹೊಸದು. ಅಮ್ಮನಿಗೆ ಮಂಡಿನೋವು ಹೇಗಿದೆ?

ಅಣ್ಣ


ಫೆಬ್ರವರಿ 6

ಅಣ್ಣ,

ಹೊಸ ಪೆನ್ನಂತೆ! ನಿನ್ನ ಅಕ್ಷರ ಮಳೆಗೆ ಸಿಕ್ಕ ಇರುವೆ ಸಾಲಿನ ಹಾಗೆ ಇರುತ್ತಿತ್ತು. ಈ ಪತ್ರದಲ್ಲಿ ಒಂದೊಂದು ಅಕ್ಷರವೂ ತಲೆ ಬಾಚಿಕೊಂಡು ನಿಂತಿದೆ. ಪೆನ್ನು ಯಾರದು, ಅದನ್ನು ಹಿಡಿದ ಕೈ ಯಾರದು ಎಂದು ನಾನು ಕೇಳುವುದಿಲ್ಲ. ಅಮ್ಮ ಕೇಳುತ್ತಿದ್ದಾಳೆ. ನಿನ್ನ ಪತ್ರವನ್ನು ಮೂಗಿಗೆ ಹಿಡಿದು ನೋಡಿ, "ಹುಲ್ಲಿನ ವಾಸನೆ ಬರ್ತಿದೆ ಕಣೇ. ಹೊಲದ ಕೆಲಸದವಳೋ, ಹಸು ಸಾಕಿರೋಳೋ?" ಅಂದಳು. ಎರಡರಲ್ಲಿ ಯಾವುದಾದರೂ ಅವಳಿಗೆ ಒಪ್ಪಿಗೆಯಂತೆ. ನಾಚಿಕೆ ನನ್ನೊಬ್ಬಳ ಪಾಲಿಗೆ ಬಂದಿದೆ ಅಂದುಕೊಂಡಿದ್ದೆ, ಅಣ್ಣನಿಗೂ ಸ್ವಲ್ಪ ಇದೆ ಅಂತಾಯಿತು.

ಬೆಕ್ಕಿನ ಕತೆ ನಿನಗೆ ಅಷ್ಟು ಹಿಡಿಸಿತಾ? ತಾರೀಕು ಜನವರಿ ಹದಿನೈದು. ಖಂಡಿತ. ಅಮ್ಮನ ಕಷಾಯದ ಪುಡಿ ತರಬೇಕೆಂದು ದಿನಚರಿಯ ಅಂದಿನ ಪುಟದಲ್ಲಿ ಗುರುತು ಹಾಕಿಕೊಂಡಿದ್ದೆ.

ಇನ್ನೊಂದು ಕತೆಯೂ ಇದೆ. ಮೊನ್ನೆ ಅದೇ ಬೆಕ್ಕು ಪರದೆಗೆ ಜೋತುಬಿದ್ದು ಎಳೆಯಿತು. ಗುಮಾಸ್ತರು ‘ಆಯ್ತು’ ಅನ್ನಲು ಬಾಯಿ ತೆರೆದವರು ಬಾಲ ಕಂಡು ಹಾಗೇ ಮುಚ್ಚಿಕೊಂಡರು. ಇನ್ನೊಂದು ಕ್ಷಣ ತಡವಾಗಿದ್ದರೆ ದೇಶಕ್ಕೆ ಬೆಕ್ಕೇ ಬೆಳಗು ಮಾಡಿಬಿಡುತ್ತಿತ್ತು.

ಗುಬ್ಬಿ


ಫೆಬ್ರವರಿ 20

ಗುಬ್ಬಿ,

ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನ ಮೊದಲ ಪತ್ರವನ್ನು ನಾನು ಕುಲುಮೆಗೆ ಹಾಕಲಿಲ್ಲ. ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಓದಿದೆ. ಅವತ್ತು ನಮಗೆಲ್ಲ ಒಂದು ನಗು ಬೇಕಾಗಿತ್ತು. ಎಲ್ಲರೂ ನಕ್ಕರು. ಒಬ್ಬ ಬೆಂಚಿನ ಮೇಲೆ ಮಲಗಿ ಮಹಾರಾಜನಾದ, ಇನ್ನೊಬ್ಬ ಅವನ ತೋಳಿನ ಮೇಲೆ ಮಿಯಾಂವ್ ಅಂದ. ನಗು ನಿಲ್ಲುವ ಹೊತ್ತಿಗೆ ಗಾಜು ಊದುವ ನಮ್ಮ ಹಳೆಯ ಕೆಲಸಗಾರ, ನಾವೆಲ್ಲ ತಾತ ಅನ್ನುವವನು, ಕೇಳಿದ: "ಅದು ಯಾವತ್ತು?" ಆಮೇಲೆ ಯಾರೂ ನಗಲಿಲ್ಲ. ಅದಕ್ಕೇ ತಾರೀಕು ಕೇಳಿದ್ದು.

ಹದಿನೈದನೇ ತಾರೀಕು ಬೆಳಿಗ್ಗೆ ಏನಾಯಿತು ಎಂದು ಹೇಳುತ್ತೇನೆ. ರಾತ್ರಿ ಪಾಳಿ ಸಂಜೆ ಆರರಿಂದ ಬೆಳಿಗ್ಗೆ ಆರು, ಹನ್ನೆರಡು ಗಂಟೆಯದು. ಕೊನೆಗೆ ಬರುವಷ್ಟರಲ್ಲಿ ತುಟಿಯಲ್ಲಿ ಊದುವ ಶಕ್ತಿ ಇರುವುದಿಲ್ಲ, ಕಾಲು ನಮ್ಮದೇ ಅಂತ ಅನಿಸುವುದಿಲ್ಲ. ಸೂರಿನ ಸಂದಿಯಿಂದ ಬೆಳಕು ಬಿದ್ದಿತ್ತು. ಹಗಲು ಪಾಳಿಯವರು ಗೇಟಿನ ಹೊರಗೆ ಚಳಿಯಲ್ಲಿ ಕೈ ಉಜ್ಜಿಕೊಳ್ಳುವುದು ಕಾಣುತ್ತಿತ್ತು. ಗೋಡೆಯ ಗಡಿಯಾರ ಮಾತ್ರ ಆರಕ್ಕೆ ಒಂದು ನಿಮಿಷ ಎನ್ನುತ್ತಿತ್ತು. ಎಷ್ಟು ಸಲ ನೋಡಿದರೂ ಅದೇ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ನಮ್ಮವನೊಬ್ಬ ನಿಂತಲ್ಲೇ ತೂಕಡಿಸಿದ. ಊದುಕೊಳವೆ ಓರೆಯಾಗಿ ಕರಗಿದ ಗಾಜು ಅವನ ಬಲಗೈ ಮೇಲೆ ಇಳಿಯಿತು. ಬದುಕಿದ್ದಾನೆ. ಆಸ್ಪತ್ರೆಯವರು ಒಳ್ಳೆಯವರು.

ನೀನು ಓದಿದವಳು. ಜನ ರಾಜನ ವಿರುದ್ಧ ಯಾಕೆ ಏಳುತ್ತಾರೆ ಎಂದು ನಿನ್ನ ಪುಸ್ತಕಗಳಲ್ಲಿ ಇರಬಹುದು. ನಾನು ಕಂಡಿದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಹಿಟ್ಟಿನ ಪಡಿ ಅರ್ಧಕ್ಕಿಳಿದಾಗ ನಾವು ಏಳಲಿಲ್ಲ. ಕಿಟಕಿಗೊಂದು ತೆರಿಗೆ ಹಾಕಿದಾಗ ಕಿಟಕಿ ಮುಚ್ಚಿಕೊಂಡೆವು, ಅಷ್ಟೇ. ಅವರು ಚಿನ್ನದ ತಟ್ಟೆಯಲ್ಲಿ ಉಣ್ಣುತ್ತಾರೆ ಅಂದರೆ ಹೊಟ್ಟೆಕಿಚ್ಚೂ ಆಗುತ್ತಿರಲಿಲ್ಲ, ದೊಡ್ಡವರು ದೊಡ್ಡವರ ಹಾಗೇ ಇರಬೇಕು ಅಂದುಕೊಂಡಿದ್ದೆವು. ಆದರೆ ಬೆಳಗಾಗಿದ್ದು ನಮ್ಮ ಕಣ್ಣಿಗೆ ಕಾಣುತ್ತಿತ್ತಲ್ಲ ಗುಬ್ಬಿ. ಕಂಡರೂ ನಮ್ಮ ಕಣ್ಣೇ ತಪ್ಪು ಎಂದು ಇಷ್ಟು ವರ್ಷ ನಂಬಿದ್ದೆವು. ತಾತ ನಲವತ್ತು ವರ್ಷ ನಂಬಿದ್ದ. ಹಸಿವು ತಡೆದುಕೊಳ್ಳಬಹುದು, ಇದನ್ನು ಆಗುತ್ತಿಲ್ಲ.

ಇದರ ಜೊತೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಒಳಗೆ ಮರಳು ಗಡಿಯಾರ. ನಾವೇ ಊದಿದ್ದು. ಮೇಲಿನ ಮರಳು ಕೆಳಗೆ ಬರಲು ಸರಿಯಾಗಿ ಎರಡು ಗಂಟೆ. ಮಧ್ಯಾಹ್ನದ ತೋಪು ಕೇಳಿದಾಗ ಮಗುಚಿಡಬೇಕು. ಒಂಬತ್ತನೆಯ ಮಗುಚು ಮುಗಿದರೆ ಬೆಳಗಿನ ಆರು. ಈಗ ನಮ್ಮ ಕಾರ್ಖಾನೆಯಿಂದ ಯಾವ ಊರಿಗೆ ಲಾಟೀನು ಗಾಜು ಹೋದರೂ ಪೆಟ್ಟಿಗೆಯ ಹುಲ್ಲಿನ ನಡುವೆ ಇಂಥದ್ದೊಂದು ಇರುತ್ತದೆ. ಅಮ್ಮನಿಗೆ ಕೊಡು, ಆಟಕ್ಕಾಯಿತು. ಹೆಚ್ಚು ಕೇಳಬೇಡ.

ಅಣ್ಣ

ಇದು ಬರೆದುಕೊಡುತ್ತಿರುವವಳ ಮಾತು. ಅವರು ನೀರು ಕುಡಿಯಲು ಎದ್ದುಹೋಗಿದ್ದಾರೆ. ಕೈ ಸುಟ್ಟುಕೊಂಡ ಆ ಒಬ್ಬರು ನಿಮ್ಮ ಅಣ್ಣನೇ. ನಿಮಗೂ ತಾಯಿಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿದ್ದರು. ಮುರಿದಿದ್ದೇನೆ. ಮಾರ್ಚ್ ಹನ್ನೊಂದರ ಬೆಳಿಗ್ಗೆ ಒಂಬತ್ತನೆಯ ಮಗುಚು ಮುಗಿದ ಕೂಡಲೇ ರಾತ್ರಿ ಪಾಳಿಯ ಆರುನೂರು ಜನ ಗೇಟು ದಾಟುತ್ತಾರೆ, ಗಡಿಯಾರ ಏನೇ ಹೇಳಲಿ. ಗೇಟಿಗೆ ಸೈನಿಕರು ಬಂದಿದ್ದಾರೆ. ನಿಮ್ಮ ಮಾತು ಅವರು ಕೇಳಬಹುದು. ನಾನು ಹಸು ಸಾಕಿಲ್ಲ. ಪೆಟ್ಟಿಗೆಗೆ ಹುಲ್ಲು ತುಂಬಿ, ಮೇಲೆ ‘ಗಾಜು, ಜೋಪಾನ’ ಎಂದು ಬರೆಯುವವಳು.


ಫೆಬ್ರವರಿ 26

ಅಣ್ಣ,

ಮೂರು ಸಲ ಬರೆದು ಹರಿದೆ. ಅಮ್ಮನಿಗೆ ನಿನ್ನ ಕೈ ವಿಷಯ ಹೇಳಿಲ್ಲ. ಮರಳು ಗಡಿಯಾರ ಕೊಟ್ಟೆ, ಎದುರು ಇಟ್ಟುಕೊಂಡು ಕೂತಿದ್ದಾಳೆ.

ನಾನೂ ಸುಳ್ಳು ಹೇಳಿದ್ದೆ. ನಾನು ಹಾಳೆಗೆ ಅಂಟಿಸುವವಳಲ್ಲ. ಅದು ಮಧ್ಯಾಹ್ನದ ಮೇಲಿನ ಕೆಲಸ. ಬೆಳಿಗ್ಗೆ ಗುಂಡಿ ಒತ್ತುವ ‘ಯಾರೋ ಒಬ್ಬರು’ ನಾನೇ. ಹದಿನೈದನೇ ತಾರೀಕು ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಒಂದು ಗಂಟೆ ಹತ್ತು ನಿಮಿಷ ಕೂತಿದ್ದೆ. ಬೇಜಾರಾಗಿ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಬೆಕ್ಕಿನ ಚಿತ್ರ ಬರೆದೆ. ಅದೇ ಹೊತ್ತಿಗೆ ನಿನ್ನ ಕೈ. ನಾನು ಅದನ್ನು ನಗುವ ಕತೆ ಮಾಡಿ ನಿನಗೇ ಕಳಿಸಿದೆ. ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ಒಂದು ಮಾತು ಮಾತ್ರ ಕೇಳು. ಇವತ್ತು ನನ್ನ ಬೆರಳಿನಿಂದಲೇ ಹೋದ ತಂತಿ ಇದು, ನಿಮ್ಮ ಊರಿನ ದಳಪತಿಗೆ: ‘ಆರಕ್ಕೆ ಮೊದಲು ಗೇಟು ದಾಟುವವರ ಮೇಲೆ ಗುಂಡು ಹಾರಿಸಿ. ಆರರ ತಂತಿ ಬಂದ ಮೇಲೆ ಯಾರನ್ನೂ ತಡೆಯಬೇಡಿ. ಪಾಳಿ ಮುಗಿದವನು ಮನೆಗೆ ಹೋಗುವುದು ಅಪರಾಧವಲ್ಲ.’

ನಿಮ್ಮ ಆರು ಬೇರೆ, ಅವರ ಆರು ಬೇರೆ ಅಣ್ಣ. ನಡುವಿನ ಹೊತ್ತಿನಲ್ಲಿ ನೀವು ಗೇಟಿನ ಬಳಿ ಇರುತ್ತೀರಿ. ಹೋಗಬೇಡ. ಜೋಪಾನದವರು ಹೇಳಿದರು, ನಾನೂ ಹೇಳುತ್ತಿದ್ದೇನೆ.

ಗುಬ್ಬಿ


ಮಾರ್ಚ್ 4

ಗುಬ್ಬಿ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಎರಡು ದಿನ ಇತ್ತು. ಇಂದು ಮೂರನೆಯ ದಿನ, ಬರೆಸುತ್ತಿದ್ದೇನೆ. ಆ ಬೆರಳು ನಿನ್ನದೇ ಆಗಿತ್ತು ಅನ್ನುವುದನ್ನು ಇನ್ನೂ ಮರೆತಿಲ್ಲ. ನೀನು ಒತ್ತದಿದ್ದರೆ ಇನ್ನೊಬ್ಬರು ಒತ್ತುತ್ತಿದ್ದರು ಎಂದು ತಾತ ಹೇಳಿದ. ಕುಲುಮೆಗೆ ಸೌದೆ ಹಾಕುವವರೂ ನಾವೇ ಅಲ್ಲವಾ ಅಂದ. ಅದೂ ನಿಜ.

ನಾವು ಹೊರಡುತ್ತೇವೆ. ಆರುನೂರು ಜನ ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ. ನಾನು ಮುಂದಿನ ಸಾಲಿನಲ್ಲಿರುತ್ತೇನೆ, ಹೇಗೂ ಊದುಕೊಳವೆ ಹಿಡಿಯಲಾಗದ ಕೈ. ಯಾರೂ ಕಲ್ಲು ತೆಗೆದುಕೊಳ್ಳುವುದಿಲ್ಲ.

ನೀನು ಏನೂ ಮಾಡಬೇಡ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳಲು ನಾಚುವವಳು ನೀನು. ನಿನ್ನಿಂದ ಆಗುವ ಕೆಲಸ ಒಂದೇ, ಅಮ್ಮನನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗು.

ಅಣ್ಣ


ಮಾರ್ಚ್ 12

ಗುಬ್ಬಿ,

ಯಾರಿಗೂ ಏನೂ ಆಗಿಲ್ಲ. ಮೊದಲು ಅದನ್ನು ಓದಿಕೋ.

ಒಂಬತ್ತನೆಯ ಮಗುಚಿನ ಮರಳು ಇನ್ನು ಒಂದು ಚಿಟಿಕೆ ಇರುವಾಗ ನಾವು ಗೇಟಿನ ಒಳಗೆ ನಿಂತಿದ್ದೆವು. ಹೊರಗೆ ಸೈನಿಕರು, ನಮ್ಮ ವಯಸ್ಸಿನವರೇ. ದಳಪತಿ ಗೋಡೆಯ ಗಡಿಯಾರ ನೋಡಿದ, ಆರಕ್ಕೆ ಒಂದು ನಿಮಿಷ. ತಾತ ಮರಳು ಗಡಿಯಾರವನ್ನು ಎತ್ತಿ ಹಿಡಿದಿದ್ದ. ಕೊನೆಯ ಕಾಳು ಬಿತ್ತು. ನಾನು ಕಾಲು ಎತ್ತಿದೆ. ದಳಪತಿ ಕೈ ಎತ್ತಿದ.

ಅಷ್ಟರಲ್ಲಿ ನಮ್ಮೂರ ತಂತಿ ಕಚೇರಿಯ ಜವಾನ ಓಡಿಬಂದ. ದಿನಾ ಗಂಟಲು ಕಿತ್ತುಹೋಗುವ ಹಾಗೆ ಕೂಗುವವನು, ನಿನ್ನೆ ತನಗೇ ನಂಬಿಕೆಯಿಲ್ಲದವನ ಹಾಗೆ, "ಆರು... ಆರು ಬಂತು" ಅಂದ.

ದಳಪತಿ ತಂತಿ ತೆಗೆದುಕೊಂಡು ಓದಿದ. ತನ್ನ ಹುಕುಂ ತೆಗೆದು ಓದಿದ. ಎರಡನ್ನೂ ಮಡಚಿ ಜೇಬಿಗಿಟ್ಟು, "ಪಾಳಿ ಮುಗೀತಲ್ಲ, ಹೋಗ್ರಪ್ಪ" ಅಂದ. ಅವನ ಹಣೆಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಬೆವರಿತ್ತು.

ನಾವು ಮನೆಗೆ ಹೋದೆವು. ಅಷ್ಟೇ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಓಣಿಯಲ್ಲಿ ಜನ ಮುಖ ತೊಳೆಯುವುದನ್ನು ನೋಡಿದೆ.

ಗುಬ್ಬಿ, ಏನು ಮಾಡಿದೆ ನೀನು? ಕೂಡಲೇ ಬರೆ.

ಅಣ್ಣ


ಮಾರ್ಚ್ 20

ಗುಬ್ಬಿ,

ಉತ್ತರ ಬರಲಿಲ್ಲ. ತಂತಿ ಕಚೇರಿಯ ನಿನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂದು ಗಾರ್ಡ್ ಮಾವ ಹೇಳಿದ. ಮನೆಗೆ ಬೀಗ ಇದೆಯಂತೆ. ಅಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಾಳಾ? ನೀನೂ ಅಲ್ಲೇ ಇದ್ದೀಯಾ? ಒಂದು ಅಕ್ಷರ ಬರೆದರೂ ಸಾಕು.

ನಾನು ಆ ದಿನ ಸಿಟ್ಟು ಬಂತು ಎಂದು ಬರೆಸಬಾರದಾಗಿತ್ತು.

ಅಣ್ಣ


ಮಾರ್ಚ್ 27

ನಾನು ಜೋಪಾನದವಳು. ನಿಮ್ಮ ಅಣ್ಣ ಈ ವಾರ ಏನನ್ನೂ ಬರೆಸಲಿಲ್ಲ. ನಾನು ಪೆನ್ನು ಹಿಡಿದು ಎದುರಿಗೆ ಕೂತರೆ ‘ಗುಬ್ಬಿ’ ಅನ್ನುತ್ತಾರೆ, ಎದ್ದು ಮೇಲ್ ರೈಲು ಬಂತೇ ಎಂದು ನೋಡಲು ಹೋಗುತ್ತಾರೆ. ಐವತ್ತೆರಡು ಊರುಗಳಲ್ಲೂ ಜನ ಈಗ ಮರಳು ನೋಡಿಯೇ ಕೆಲಸ ಬಿಡುತ್ತಿದ್ದಾರೆ ಎಂದು ಸುದ್ದಿ ಇದೆ. ನಿಮ್ಮ ಅಣ್ಣನಿಗೆ ಅದರಲ್ಲಿ ಸಂತೋಷವಿಲ್ಲ. ಇದು ನಿಮ್ಮ ಕೈ ಸೇರಲಿ.


ಏಪ್ರಿಲ್ 1

ಅಣ್ಣ,

ಬದುಕಿದ್ದೇನೆ. ಮನೆಯಲ್ಲಿದ್ದೇನೆ. ಅಮ್ಮ ಪಕ್ಕದಲ್ಲಿ ಕೂತು, "ಮೊದಲು ಅಷ್ಟು ಬರಿ, ಉಳಿದದ್ದು ಆಮೇಲೆ" ಅನ್ನುತ್ತಿದ್ದಾಳೆ. ನಿನ್ನ ಎರಡು ಪತ್ರ, ಜೋಪಾನದವರದೊಂದು, ಮೂರೂ ಒಟ್ಟಿಗೆ ಸಿಕ್ಕವು. ಇವತ್ತು ತಾರೀಕು ಒಂದು ಎಂದು ತಮಾಷೆ ಅಂದುಕೊಳ್ಳಬೇಡ.

ಅಮ್ಮನಿಗೆ ನಿನ್ನ ಕೈ ವಿಷಯ ಹೇಳಲೇಬೇಕಾಯಿತು, ಯಾಕೆಂದರೆ ನನಗೆ ಅವಳು ಬೇಕಾಗಿದ್ದಳು. ಚಿಕ್ಕಮ್ಮನ ಮನೆಗೆ ಹೋಗು ಅಂದರೆ, "ಮಗನ ಕೈ ಸುಟ್ಟೋರು ಇಲ್ಲಿದ್ದಾರೆ, ನಾನು ಅಲ್ಲಿ ಹೋಗಿ ಏನು ಮಾಡ್ಲಿ" ಅಂದಳು. ಹತ್ತನೇ ತಾರೀಕು ಮಧ್ಯಾಹ್ನ ತೋಪು ಕೇಳಿದ ಕೂಡಲೇ ಮಗುಚಿಟ್ಟು ಕೂತಳು. ನಾನು ಮಲಗಿದೆ ಎಂದರೆ ನಂಬುತ್ತೀಯಾ? ಅವಳು ಕೂತಿದ್ದಾಳೆ ಎಂಬ ಧೈರ್ಯಕ್ಕೇ ನಿದ್ದೆ ಬಂತು. ಎದ್ದಾಗ ಎಂಟು ಮುಗಿದು ಒಂಬತ್ತನೆಯದು ನಡೆಯುತ್ತಿತ್ತು. ಅದನ್ನು ಶಾಲಿನೊಳಗೆ ಎದೆಗೆ ಆನಿಸಿ ಹಿಡಿದು ಕಚೇರಿಗೆ ಹೊರಟೆ. ಓರೆಯಾದರೆ ಮರಳು ನಿಲ್ಲುತ್ತದೆಯಲ್ಲ, ತುಂಬಿದ ಕೊಡ ಹೊತ್ತವಳ ಹಾಗೆ ನಡೆದೆ. ಅರಮನೆಯ ಕಾವಲುಗಾರ, "ಏನಮ್ಮ, ಕತ್ತು ಹಿಡ್ಕೊಂಡಿದೆಯಾ?" ಅಂದ. ಹೂಂ ಅಂದೆ.

ಗುಮಾಸ್ತರು ದುರ್ಬೀನು ಹಿಡಿದು ನಿಂತಿದ್ದರು. ಪರದೆ ಮುಚ್ಚಿತ್ತು. ನಾನು ಗಡಿಯಾರವನ್ನು ಮೇಜಿನ ಕೆಳಗೆ ಮಂಡಿಗಳ ನಡುವೆ ಇಟ್ಟುಕೊಂಡೆ. ಕೊನೆಯ ಕಾಳು ಬಿದ್ದಾಗ ಅವರ ಬಾಯಿಂದ ‘ಆಯ್ತು’ ಬರಲಿಲ್ಲ. ನನ್ನ ಬಾಯಿಂದ ಬಂತು. ನಾನೇ ‘ಆಯ್ತು’ ಅಂದು, ನಾನೇ ಒತ್ತಿದೆ.

ಗುಮಾಸ್ತರು ತಿರುಗಿ ನೋಡಿದರು. ಜೇಬಿನ ಗಡಿಯಾರ ತೆಗೆದು ನೋಡಿದರು. ಆಮೇಲೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬ್ಯಾಟರಿ ಇಡುವ ಕೋಣೆಗೆ ತಳ್ಳಿ ಬೀಗ ಹಾಕಿದರು. ಹಿಡಿದುಕೊಟ್ಟರು ಎಂದೇ ಅಂದುಕೊಂಡೆ. ಅವರು ಹೊರಗೆ ಹೋಗಿ ಅರಮನೆಯ ಅಧಿಕಾರಿಗೆ ಹೇಳಿದ್ದು ಗೋಡೆಯ ಈಚೆಗೆ ಕೇಳಿಸಿತು: "ಪರದೆ ಅಲ್ಲಾಡಿತು ಸ್ವಾಮಿ. ನನ್ನ ಕಣ್ಣಾರೆ ಕಂಡೆ. ಬೆಕ್ಕೋ ಪ್ರಭುಗಳೋ ಅಂತ ವಿಚಾರಿಸೋಕೆ ನಾನ್ಯಾರು?" ಇಪ್ಪತ್ತು ವರ್ಷ ಆ ಕಿಟಕಿಯ ಎದುರು ನಿಂತು ಅವರ ಮಂಡಿ ಅಮ್ಮನದಕ್ಕಿಂತ ಕೆಟ್ಟಿದೆಯಂತೆ.

ಅಂದು ಮಹಾರಾಜರು ಎದ್ದಿದ್ದು ಏಳೂವರೆಗೆ. ಅಷ್ಟರಲ್ಲಿ ದೇಶಕ್ಕೆ ಏಳೂವರೆಯೇ ಆಗಿಹೋಗಿತ್ತು. ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಒಂದೇ ಬೆಳಿಗ್ಗೆ ಎರಡು ಸಲ ಆರು ಕಳಿಸಬೇಕಾಗಿತ್ತು. ಆಗಲಿಲ್ಲ.

ಗುಮಾಸ್ತರು ಏನೇ ಹೇಳಿದರೂ ಒತ್ತಿದ ಬೆರಳು ನನ್ನದಲ್ಲವಾ, ನನ್ನನ್ನು ವಿಚಾರಣೆಗೆ ಕರೆದರು. ಅಲ್ಲೇ ತಮಾಷೆ. ಆರೋಪ ಪಟ್ಟಿಯಲ್ಲಿ ಏನೆಂದು ಬರೆಯುವುದು? ‘ಆರು ಗಂಟೆಗೆ ಮಹಾರಾಜರು ಮಲಗಿದ್ದಾಗ ಈಕೆ ಆರು ಎಂದು ಕಳಿಸಿದಳು’ ಎಂದು ಬರೆಯಬೇಕು. ಆದರೆ ಮಹಾರಾಜರು ಆರಕ್ಕೆ ಏಳುತ್ತಾರೆ ಎಂಬುದು ಕಾನೂನಿನ ಮೊದಲ ಸಾಲು. ಅವರು ಮಲಗಿದ್ದರು ಎಂದು ಸಹಿ ಹಾಕುವ ಗಂಡು ಯಾವ ಇಲಾಖೆಯಲ್ಲೂ ಇರಲಿಲ್ಲ. ಹದಿನೆಂಟು ದಿನ ಆ ಪಟ್ಟಿ ಮೇಜಿನಿಂದ ಮೇಜಿಗೆ ಓಡಾಡಿತು. ಹದಿನೆಂಟು ದಿನ ನಾನು ಬ್ಯಾಟರಿಗಳ ಹುಳಿ ವಾಸನೆಯಲ್ಲಿ ಕೂತಿದ್ದೆ. ಅಮ್ಮ ಕೋಣೆಯ ಹೊರಗಿನ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಮನೆಗೆ ಬೀಗ ಅದಕ್ಕೇ.

ಕೊನೆಗೆ ಖಾಲಿ ಪಟ್ಟಿ ಮಹಾರಾಜರ ಹತ್ತಿರವೇ ಹೋಯಿತು. ನನ್ನನ್ನು ಕರೆಸಿದರು. ಅವರು ತೆಳ್ಳಗಿದ್ದಾರೆ, ಬೆಕ್ಕು ತೊಡೆಯ ಮೇಲಿತ್ತು. ಬಯ್ಯಲಿಲ್ಲ.

"ನಾನು ಚಿಕ್ಕಂದಿನಿಂದ ದಿನಾ ಸರಿಯಾಗಿ ಆರಕ್ಕೇ ಏಳ್ತೀನಿ ಅಂದುಕೊಂಡಿದ್ದೆ" ಅಂದರು. "ಒಂದು ದಿನವೂ ತಪ್ಪಿಲ್ಲ. ಅದೊಂದು ಹೆಮ್ಮೆ ಇತ್ತು ನನಗೆ."

"ನಾವೂ ಹಾಗೇ ಅಂದುಕೊಂಡಿದ್ವಿ, ಮಹಾಸ್ವಾಮಿ. ನನ್ನ ಅಣ್ಣನ ಕೈ ಸುಟ್ಟುಹೋಯ್ತು" ಅಂದೆ. ಅಷ್ಟೇ ಬಂತು.

ಅವರು ಬೆಕ್ಕನ್ನು ಕೆಳಗಿಳಿಸಿದರು.

ಅವರು ಒಳ್ಳೆಯವರಾದ್ದರಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಮಾರನೆಯ ದಿನವೇ ಮಂತ್ರಿಗಳು, ಪ್ರಭುಗಳು ಏಳುವವರೆಗೆ ಅರಮನೆಯ ಕಾವಲಿನವರು ಜಾಗ ಬಿಡಬಾರದು ಎಂದು ಹುಕುಂ ಹೊರಡಿಸಿದರು. ಕಾವಲಿನವರದೂ ರಾತ್ರಿ ಪಾಳಿ ಅಣ್ಣ! ಅದು ಯಾರಿಗೂ ಹೊಳೆದಿರಲಿಲ್ಲ. ಹತ್ತು ದಿನ ಅವರೂ ಮರಳು ನೋಡಿ ಸರಿಯಾದ ಹೊತ್ತಿಗೆ ಮನೆಗೆ ಹೋಗಿ ಮಕ್ಕಳ ಮುಖ ನೋಡಿದ್ದರು. ನಿಮ್ಮ ಪೆಟ್ಟಿಗೆಯೊಂದು ಕಾವಲು ಕೋಣೆಗೂ ಬಂದಿತ್ತಂತೆ. ಮರಳು ಮುಗಿದ ಕೂಡಲೇ ಬಂದೂಕುಗಳನ್ನು ಗೋಡೆಗೆ ಒರಗಿಸಿಟ್ಟು ಹೊರಟುಹೋದರು. ಆ ಬೆಳಿಗ್ಗೆ ಮಹಾರಾಜರು ಎದ್ದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಸಂಜೆಯೊಳಗೆ ಕಾಗದಕ್ಕೆ ಮಹಾರಾಜರ ಸಹಿ ಬಿತ್ತು: ಹೊತ್ತು, ತೆರಿಗೆ, ಸೈನ್ಯ, ಮೂರನ್ನೂ ಇನ್ನು ಮುಂದೆ ಐವತ್ತೆರಡು ಊರಿನ ಜನ ಆರಿಸಿ ಕಳಿಸಿದವರು ಕೂತು ತೀರ್ಮಾನಿಸುತ್ತಾರೆ. ಆಮೇಲೇ ನನ್ನನ್ನು ಬಿಟ್ಟರು. ನಿನ್ನೆ ರಾತ್ರಿ ಊರೆಲ್ಲ ಬೀದಿಗೆ ಬಂದಿತ್ತು. ಯಾರೂ ಏನೂ ಒಡೆಯಲಿಲ್ಲ. ಹೆಚ್ಚಿನವರು ಸುಮ್ಮನೆ ಗೋಡೆಗೆ ಒರಗಿ ಕೂತಿದ್ದರು, ದೊಡ್ಡ ಹೊರೆ ಇಳಿಸಿದವರ ಹಾಗೆ.

ನಿನ್ನ ಕೈ? ಸುಳ್ಳು ಹೇಳದೆ ಬರೆ.

ಗುಬ್ಬಿ


ಏಪ್ರಿಲ್ 8

ಗುಬ್ಬಿ

ಇದು ನನ್ನ ಕೈಯಿಂದಲೇ. ಇರುವೆ ಸಾಲು ನೋಡಿದರೆ ಗೊತ್ತಾಗುತ್ತದೆ. ಎರಡು ಬೆರಳು ಮಡಚುವುದಿಲ್ಲ. ಉಳಿದವು ಕೆಲಸ ಕಲಿಯುತ್ತಿವೆ. ಊದುವುದಕ್ಕೆ ಆಗುವುದಿಲ್ಲ, ಊದುವುದನ್ನು ಕಲಿಸುವುದಕ್ಕೆ ಆಗುತ್ತದೆ ಎಂದು ತಾತ ಹೇಳುತ್ತಾನೆ. ಸುಳ್ಳಲ್ಲ.

ನೀನು ಬದುಕಿದ್ದೀಯ ಎಂದು ಓದಿದಾಗ ನಾನು ಅತ್ತುಬಿಟ್ಟೆ ಎಂದು ಬರೆ ಅನ್ನುತ್ತಿದ್ದಾಳೆ ಜೋಪಾನ. ಬರೆದೆ. ಏನೂ ಮಾಡಬೇಡ ಎಂದು ನಿನಗೆ ಹೇಳಿದ್ದೆನಲ್ಲ, ತಾತ ದಿನಾ ಅದನ್ನೇ ಎತ್ತಿ ಆಡಿಕೊಳ್ಳುತ್ತಾನೆ.

ಅಮ್ಮ ಕೇಳಿದ್ದಕ್ಕೆ ಉತ್ತರ: ಹೌದು. ಹಸು ಇಲ್ಲ. ಮೇ ತಿಂಗಳಲ್ಲಿ ಮದುವೆಗೆ ಬನ್ನಿ. ಎಷ್ಟು ಹೊತ್ತಿಗೆ ಎಂದು ಅಮ್ಮನೇ ಹೇಳಲಿ. ನಮ್ಮ ಮನೆಯಲ್ಲಿ ಹಳೆಯ ಪದ್ಧತಿಯೇ ನಡೆಯುವುದು.

ಅಣ್ಣ


ಏಪ್ರಿಲ್ 15

ಅಣ್ಣ,

ನಿನ್ನ ಇರುವೆ ಸಾಲನ್ನು ಅಮ್ಮ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಮೇ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಚರ್ಚೆಗೆ ಅವಕಾಶವಿಲ್ಲವಂತೆ. ನನ್ನ ಅತ್ತಿಗೆಗೆ ಹೇಳು, ಮೇಲೆ ‘ಜೋಪಾನ’ ಎಂದು ಬರೆಯದಿದ್ದರೂ ನಿನ್ನನ್ನು ಹಾಗೇ ನೋಡಿಕೊಂಡರು ಎಂದು ಅಮ್ಮನಿಗೆ ಗೊತ್ತು.

ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದ್ದಾರೆ. ಅಮ್ಮನ ಮರಳು ಗಡಿಯಾರ ಈಗ ಮೇಜಿನ ಮೇಲೆಯೇ ಇದೆ. ಕಚೇರಿಯಲ್ಲಿ ಈಗ ದಿನಕ್ಕೆ ಆರೇಳು ಮಾತು ಆಡುತ್ತೇನೆ.

ಇವತ್ತು ಬೆಳಿಗ್ಗೆ ಕೊನೆಯ ಮರಳು ಇಳಿಯುತ್ತಿತ್ತು. ಗುಮಾಸ್ತರು ಅಭ್ಯಾಸಬಲದಿಂದ ದುರ್ಬೀನು ಎತ್ತಿ ಎದುರಿನ ಕಿಟಕಿ ನೋಡಿದರು. ಪರದೆ ಮುಚ್ಚಿಯೇ ಇತ್ತು. ಸ್ವಲ್ಪ ಹೊತ್ತು ನೋಡಿ, ದುರ್ಬೀನು ಇಳಿಸಿ, ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮಲಗ್ಲಿ ಬಿಡಮ್ಮ, ಪಾಪ" ಅಂದರು.

ನಾನು ಗುಂಡಿ ಒತ್ತಿದೆ.

ಗುಬ್ಬಿ